ರೆಡಿಂಗ್‌ನ ಒಂದು ಫ್ಲ್ಯಾಟ್, 77 ವರ್ಷದ ಲೀಸ್: ಒಂದು ಪ್ರಕರಣ ಅಧ್ಯಯನ

ಇಂಗ್ಲೆಂಡ್‌ನ ರೆಡಿಂಗ್ ಪಟ್ಟಣದಲ್ಲಿ ಎರಡು ಮಲಗುವ ಕೋಣೆಗಳಿರುವ ಒಂದು ಫ್ಲ್ಯಾಟ್. ಅದರ ಲೀಸ್ 2003ರ ಮಾರ್ಚ್ 25ರಿಂದ 99 ವರ್ಷಗಳ ಅವಧಿಯದು. 2102ರ ಮಾರ್ಚ್ 24ಕ್ಕೆ ಮುಗಿಯುತ್ತದೆ. ಮೊದಲ 25 ವರ್ಷ ಫ್ರೀಹೋಲ್ಡರ್‌ಗೆ (ನೆಲ ಮತ್ತು ಕಟ್ಟಡದ ಮಾಲೀಕನಿಗೆ) ವರ್ಷಕ್ಕೆ 250 ಪೌಂಡ್ ಗ್ರೌಂಡ್ ರೆಂಟ್ (ನೆಲಬಾಡಿಗೆ) ಸಲ್ಲಬೇಕು, ಆಮೇಲೆ ಪ್ರತಿ 25 ವರ್ಷಕ್ಕೊಮ್ಮೆ ಅದು ದುಪ್ಪಟ್ಟಾಗುತ್ತದೆ. 2023ರ ಜುಲೈನಲ್ಲಿ ದಾವಣಗೆರೆ ಮೂಲದ ದಂಪತಿ ಈ ಫ್ಲ್ಯಾಟನ್ನು 2,68,000 ಪೌಂಡ್‌ಗೆ ಕೊಂಡರು. ದಂಪತಿ, ಫ್ಲ್ಯಾಟ್ ಮತ್ತು ಅದರ ಬೆಲೆಗಳು ವಿವರಣೆಗೆಂದು ಕಟ್ಟಿಕೊಂಡ ಮಾದರಿ. ಕಾಯ್ದೆಗಳು, ಗಡುವುಗಳು, ನ್ಯಾಯಾಲಯದ ತೀರ್ಪುಗಳು ಮತ್ತು ಲೆಕ್ಕ ಹಾಕುವ ಕ್ರಮ ಮಾತ್ರ ಆ ದೇಶದಲ್ಲಿ ಇರುವಂಥವೇ.

ಕರ್ನಾಟಕದಲ್ಲಿ ಅಪಾರ್ಟ್‌ಮೆಂಟ್ ಕೊಂಡು ಅಭ್ಯಾಸವಾದವರಿಗೆ ಇಲ್ಲಿ ಮೊದಲ ತೊಡಕು ಎದುರಾಗುತ್ತದೆ. ನಮ್ಮಲ್ಲಿ ಫ್ಲ್ಯಾಟ್ ಕೊಂಡವರಿಗೆ ನೆಲದಲ್ಲಿ ಅವಿಭಜಿತ ಪಾಲು ಬರುತ್ತದೆ, ಆ ಪಾಲಿಗೆ ಮುಕ್ತಾಯದ ದಿನಾಂಕವಿರುವುದಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಲೀಸ್‌ಹೋಲ್ಡ್ ಫ್ಲ್ಯಾಟಿನಲ್ಲಿ ಕೊಳ್ಳುವವರಿಗೆ ಸಿಗುವುದು ಗೊತ್ತಾದ ವರ್ಷಗಳ ಸ್ವಾಧೀನ ಮಾತ್ರ. ಕಟ್ಟಡ ಮತ್ತು ನೆಲ ಫ್ರೀಹೋಲ್ಡರ್‌ನ ಕೈಯಲ್ಲೇ ಇರುತ್ತವೆ ಮತ್ತು ಅವಧಿ ಮುಗಿದಾಗ ಮನೆ ತಾತ್ವಿಕವಾಗಿ ಅವನಿಗೇ ಮರಳುತ್ತದೆ. ಆದ್ದರಿಂದ ಲೀಸ್ ಕರಗಿದಂತೆ ಮನೆಯ ಬೆಲೆಯೂ ಕರಗುತ್ತದೆ, ಕೊಳ್ಳುವವರಿಗೆ ಸಾಲ ಕೊಡಲು ಬ್ಯಾಂಕುಗಳು ಹಿಂಜರಿಯುತ್ತವೆ. ಈ ಕರಗುವಿಕೆಯನ್ನು ತಡೆಯಲೆಂದು 1993ರ ಲೀಸ್‌ಹೋಲ್ಡ್ ರಿಫಾರ್ಮ್, ಹೌಸಿಂಗ್ ಅಂಡ್ ಅರ್ಬನ್ ಡೆವಲಪ್‌ಮೆಂಟ್ ಕಾಯ್ದೆ ಫ್ಲ್ಯಾಟಿನವರಿಗೆ ಒಂದು ಹಕ್ಕನ್ನು ಕೊಟ್ಟಿದೆ: ನಿಗದಿತ ಕ್ರಮದಲ್ಲಿ ಲೆಕ್ಕ ಹಾಕಿದ ಪ್ರೀಮಿಯಂ ಕಟ್ಟಿದರೆ, ಉಳಿದಿರುವ ಅವಧಿಗೆ ಇನ್ನೂ 90 ವರ್ಷ ಸೇರಿಸಿ, ಗ್ರೌಂಡ್ ರೆಂಟನ್ನು ಸೊನ್ನೆ ಮಾಡಿ ಹೊಸ ಲೀಸ್ ಬರೆದುಕೊಡಲೇಬೇಕು.

ದಂಪತಿಗೆ ಈ ಹಕ್ಕು ತಕ್ಷಣ ಸಿಗಲಿಲ್ಲ. ಅವರು ಕೊಂಡಾಗ ಜಾರಿಯಲ್ಲಿದ್ದ ನಿಯಮದಂತೆ ಮಾಲೀಕತ್ವಕ್ಕೆ ಎರಡು ವರ್ಷ ತುಂಬಿರಬೇಕಿತ್ತು, ಅಂದರೆ 2025ರ ಜುಲೈವರೆಗೆ ಕಾಯಬೇಕಿತ್ತು. ಇದಕ್ಕೊಂದು ಸುತ್ತುದಾರಿ ಬಹುಕಾಲದಿಂದ ಬಳಕೆಯಲ್ಲಿತ್ತು: ಮಾರುವವರೇ ವಿಸ್ತರಣೆ ಕೋರಿ ನೋಟಿಸ್ ಕೊಟ್ಟು, ಆ ನೋಟಿಸಿನ ಲಾಭವನ್ನು ಮಾರಾಟದ ಜೊತೆಗೆ ಕೊಳ್ಳುವವರಿಗೆ ವರ್ಗಾಯಿಸಬಹುದಿತ್ತು. ಈ ಮಾರಾಟದಲ್ಲಿ ಮಾರುವವರು ಅದಕ್ಕೆ ಒಪ್ಪಲಿಲ್ಲ, ಬದಲಿಗೆ ಬೆಲೆ ಇಳಿಸಿದರು. ಮುಂದೆ 2024ರ ಲೀಸ್‌ಹೋಲ್ಡ್ ಅಂಡ್ ಫ್ರೀಹೋಲ್ಡ್ ರಿಫಾರ್ಮ್ ಕಾಯ್ದೆಯ ಒಂದು ತುಣುಕು 2025ರ ಜನವರಿ 31ರಂದು ಜಾರಿಗೆ ಬಂದು, ಎರಡು ವರ್ಷದ ಷರತ್ತು ಬಿದ್ದುಹೋಯಿತು. ಹೀಗೆ ಅವರಿಗೆ ದಾರಿ ತೆರೆಯುವ ಹೊತ್ತಿಗೆ ಲೀಸಿನಲ್ಲಿ ಉಳಿದಿದ್ದದ್ದು 77 ವರ್ಷ ಚಿಲ್ಲರೆ. ಪತಿಯ ಕೆಲಸ 2026ರಲ್ಲಿ ಎಡಿನ್‌ಬರೋಗೆ ವರ್ಗವಾಗುವುದು ನಿಶ್ಚಿತವಾಗಿತ್ತು, ಆಗ ಫ್ಲ್ಯಾಟ್ ಮಾರಲೇಬೇಕಿತ್ತು. (ಸ್ಕಾಟ್ಲೆಂಡ್‌ನಲ್ಲಿ ವಾಸದ ಮನೆಗಳಿಗೆ ಇಂಥ ದೀರ್ಘ ಲೀಸಿನ ಪದ್ಧತಿಯೇ ಇಲ್ಲ, ಗಡಿ ದಾಟಿದರೆ ಈ ಇಡೀ ಶಾಸ್ತ್ರ ಅನಗತ್ಯವಾಗುತ್ತದೆ.)

ಮೊದಲು ಬಂದ ಅಗ್ಗದ ಪ್ರಸ್ತಾಪ

ನೋಟಿಸ್ ಕೊಡುವ ಮುನ್ನ ದಂಪತಿ ಫ್ರೀಹೋಲ್ಡರ್ ಕಂಪನಿಗೆ ಒಂದು ಪತ್ರ ಬರೆದು ವಿಚಾರಿಸಿದರು. ಉತ್ತರ ಬೇಗನೆ ಬಂತು: 9,500 ಪೌಂಡ್ ಕೊಟ್ಟರೆ ಲೀಸನ್ನು ಇಂದಿನಿಂದ 125 ವರ್ಷಕ್ಕೆ ವಿಸ್ತರಿಸಿಕೊಡುತ್ತೇವೆ, ಪ್ರಸ್ತಾಪ 28 ದಿನ ಮಾತ್ರ ಊರ್ಜಿತ. ಕಾಯ್ದೆಯ ಹಾದಿಯಲ್ಲಿ ಹೋದರೆ ಅದರ ಎರಡರಷ್ಟು ಖರ್ಚಾಗಬಹುದೆಂದು ಪರಿಚಿತರು ಹೇಳಿದ್ದರಿಂದ ಇದು ಮೊದಲ ನೋಟಕ್ಕೆ ಲಾಭದ ವ್ಯವಹಾರವೆಂದೇ ಕಂಡಿತು. ಈ ಪ್ರಕರಣದ ತಿರುಳು ಇಲ್ಲಿದೆ, ಆದ್ದರಿಂದ ಸ್ವಲ್ಪ ನಿಧಾನಿಸುವುದು ಅಗತ್ಯ.

ಕಂಪನಿ ಕಳಿಸಿದ ಕರಡು ಒಪ್ಪಂದದ ಮೂರನೆಯ ಪುಟದಲ್ಲಿ, 2102ರ ಮಾರ್ಚ್‌ವರೆಗೆ ಗ್ರೌಂಡ್ ರೆಂಟ್ ಈಗಿರುವಂತೆಯೇ ಮುಂದುವರಿಯುತ್ತದೆ, ಅನಂತರದ ವರ್ಷಗಳಿಗೆ ಮಾತ್ರ ಸೊನ್ನೆ ಎಂಬ ಷರತ್ತಿತ್ತು. 2022ರ ಗ್ರೌಂಡ್ ರೆಂಟ್ ಕಾಯ್ದೆ ಬಂದ ಮೇಲೆ ಇಂಥ ಬಾಡಿಗೆ ಇಲ್ಲವಾಗಿದೆಯೆಂದು ಅನೇಕರು ತಿಳಿದಿದ್ದಾರೆ. ಆ ಕಾಯ್ದೆ ಅನ್ವಯಿಸುವುದು 2022ರ ಜೂನ್ 30ರಿಂದ ಈಚೆಗೆ ಬರೆದ ಹೊಸ ಲೀಸ್‌ಗಳಿಗೆ. ಪರಸ್ಪರ ಒಪ್ಪಿಗೆಯಿಂದ ವಿಸ್ತರಿಸಿದ ಹಳೆಯ ಲೀಸಿನಲ್ಲಿ, ಮೂಲ ಅವಧಿಯ ಉಳಿದ ವರ್ಷಗಳಿಗೆ ಹಿಂದಿದ್ದ ಬಾಡಿಗೆಯನ್ನು ಉಳಿಸಿಕೊಳ್ಳಲು ಅದು ಅವಕಾಶ ಕೊಡುತ್ತದೆ. ಕಂಪನಿ ಕಾನೂನನ್ನು ಮೀರಿರಲಿಲ್ಲ. ಕಾನೂನು ಬಿಟ್ಟ ಜಾಗದಲ್ಲಿ ಕಾಲಿಟ್ಟಿತ್ತು, ಅಷ್ಟೇ.

ಆ ಬಾಡಿಗೆ ಎಷ್ಟು? 2028ರವರೆಗೆ ವರ್ಷಕ್ಕೆ 250, ಅಲ್ಲಿಂದ 2053ರವರೆಗೆ 500, 2078ರವರೆಗೆ 1,000, ಕೊನೆಯ 24 ವರ್ಷ 2,000. ಕೂಡಿಸಿದರೆ ಸುಮಾರು 86,000 ಪೌಂಡ್ ಆಗುತ್ತದೆ. ದೂರದ ಹಣಕ್ಕೆ ಇಂದಿನ ಬೆಲೆ ಕಡಿಮೆಯಾದ್ದರಿಂದ ಶೇ. 6ರ ದರದಲ್ಲಿ ಇಂದಿನ ಮೌಲ್ಯಕ್ಕೆ ಇಳಿಸಿದರೆ ಅದು ಸುಮಾರು 9,640 ಪೌಂಡ್‌ಗೆ ನಿಲ್ಲುತ್ತದೆ. ಅಂದರೆ 9,500 ಪೌಂಡಿನ ಪ್ರಸ್ತಾಪವನ್ನು ಒಪ್ಪಿದವರು ಇನ್ನೊಂದು 9,640 ಪೌಂಡಿನ ಹೊರೆಯನ್ನು ಫ್ಲ್ಯಾಟಿನ ಮೇಲೆ ಬಿಟ್ಟುಕೊಂಡಿರುತ್ತಾರೆ, ಒಟ್ಟು 19,140. ಕಾಯ್ದೆಯ ಪ್ರೀಮಿಯಂ ಎಷ್ಟಾಯಿತೆಂಬುದನ್ನು ಮುಂದೆ ನೋಡುವಾಗ ಈ ಅಂಕಿಯನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಹೊರೆ ಬರೀ ಲೆಕ್ಕದ್ದಲ್ಲ. ದುಪ್ಪಟ್ಟಾಗುವ ಬಾಡಿಗೆಯಿರುವ, ಅಥವಾ ಬಾಡಿಗೆ ಮನೆಯ ಬೆಲೆಯ ಶೇ. 0.1ನ್ನು ಮೀರುವ ಫ್ಲ್ಯಾಟ್‌ಗಳಿಗೆ ಸಾಲ ಕೊಡಲು ಹಲವು ಸಂಸ್ಥೆಗಳು ಒಪ್ಪುವುದಿಲ್ಲ. ಮೂರು ಲಕ್ಷ ಪೌಂಡಿನ ಮನೆಗೆ 300 ಪೌಂಡ್ ಆ ಮಿತಿಯಾದರೆ, 2028ರಲ್ಲಿ ಇಲ್ಲಿ 500 ಆಗುತ್ತದೆ. ಇದರ ಜೊತೆಗೆ, ಲಂಡನ್ ಹೊರಗೆ ವಾರ್ಷಿಕ ಬಾಡಿಗೆ 250 ಪೌಂಡ್ ದಾಟಿದ ದೀರ್ಘ ಲೀಸ್ 1988ರ ಹೌಸಿಂಗ್ ಕಾಯ್ದೆಯ ಅಡಿ ಸಾಮಾನ್ಯ ಬಾಡಿಗೆದಾರಿಕೆಯ ಲೆಕ್ಕಕ್ಕೆ ಬಿದ್ದು, ಬಾಕಿ ಉಳಿಸಿಕೊಂಡರೆ ಸ್ವಾಧೀನವನ್ನೇ ಕಳೆದುಕೊಳ್ಳುವ ಅಪಾಯವಿತ್ತು. 2025ರ ರೆಂಟರ್ಸ್ ರೈಟ್ಸ್ ಕಾಯ್ದೆ 21 ವರ್ಷ ಮೀರಿದ ಲೀಸ್‌ಗಳನ್ನು ಅದರಿಂದ ಹೊರಗಿಟ್ಟಿತು. ಆದರೆ ದಂಪತಿ ತೀರ್ಮಾನ ತೆಗೆದುಕೊಳ್ಳಬೇಕಿದ್ದ ಫೆಬ್ರುವರಿಯಲ್ಲಿ ಅದು ಇನ್ನೂ ಮಸೂದೆಯಾಗಿತ್ತು. ಕರಡಿನಲ್ಲಿ ಇನ್ನೊಂದು ಹೊಸ ಕಲಮೂ ಇತ್ತು: ಫ್ಲ್ಯಾಟನ್ನು ಒಳಬಾಡಿಗೆಗೆ ಕೊಟ್ಟಾಗಲೆಲ್ಲ ಕಂಪನಿಗೆ ಶುಲ್ಕ ಸಲ್ಲಬೇಕು. ಕಾಯ್ದೆಯ ಹಾದಿಯಲ್ಲಿ ಬರುವ ಹೊಸ ಲೀಸ್ ಹಳೆಯದರ ಷರತ್ತುಗಳನ್ನೇ ಹೊತ್ತಿರಬೇಕು, ಹೀಗೆ ಹೊಸದನ್ನು ತುರುಕಲು ಅಲ್ಲಿ ಆಸ್ಪದ ಬಹಳ ಕಡಿಮೆ. ಪ್ರಸ್ತಾಪದ 28 ದಿನ ಸುಮ್ಮನೆ ಕಳೆದುಹೋಗಲು ದಂಪತಿ ಬಿಟ್ಟರು.

ನೋಟಿಸ್

ವಿಸ್ತರಣೆ ಕೋರುವ, 1993ರ ಕಾಯ್ದೆಯ 42ನೇ ಸೆಕ್ಷನ್ನಿನ ನೋಟಿಸನ್ನು 2025ರ ಫೆಬ್ರುವರಿ 10ರಂದು ಜಾರಿ ಮಾಡಲಾಯಿತು. ಮೌಲ್ಯಮಾಪನಕ್ಕೆ ಆ ದಿನವೇ ಆಧಾರ. ಆಮೇಲೆ ಮಾತುಕತೆ ಎಷ್ಟು ತಿಂಗಳು ಎಳೆದರೂ ಲೀಸಿನ ವರ್ಷಗಳು ಲೆಕ್ಕದಲ್ಲಿ ಇಳಿಯುವುದಿಲ್ಲ. ಈ ಲೀಸಿಗೆ ಫ್ರೀಹೋಲ್ಡರ್ ಜೊತೆಗೆ ಕಟ್ಟಡದ ನಿರ್ವಹಣಾ ಕಂಪನಿಯೂ ಸಹಿ ಹಾಕಿದ್ದರಿಂದ ಅದಕ್ಕೂ ಪ್ರತಿ ಹೋಗಬೇಕಿತ್ತು. ಇದನ್ನು ಮರೆತು ನೋಟಿಸನ್ನೇ ಕೆಡಿಸಿಕೊಳ್ಳುವ ಸಂದರ್ಭಗಳಿವೆ. ಪತ್ನಿ ಆಗ ಹೆರಿಗೆಗೆಂದು ತವರಿನಲ್ಲಿದ್ದರು. 2014ರ ತಿದ್ದುಪಡಿಗೆ ಮುಂಚೆ ಆಗಿದ್ದರೆ ಜಂಟಿ ಮಾಲೀಕರಿಬ್ಬರೂ ಸ್ವತಃ ಸಹಿ ಹಾಕಬೇಕಿತ್ತು, ಕಾಗದ ದಾವಣಗೆರೆಗೆ ಹೋಗಿ ಬರಬೇಕಿತ್ತು. ಈಗ ಸಾಲಿಸಿಟರ್ (ವಕೀಲ) ಅವರ ಪರವಾಗಿ ಸಹಿ ಹಾಕಿದರೆ ಸಾಕು.

ನೋಟಿಸಿನಲ್ಲಿ ಲೀಸ್‌ಹೋಲ್ಡರ್ ತಾನು ಕೊಡಲು ಸಿದ್ಧವಿರುವ ಪ್ರೀಮಿಯಂ ಹೇಳಬೇಕು. ಚೌಕಾಸಿಗೆ ಕೆಳಗಿನಿಂದ ಶುರುಮಾಡುವುದು ಸಹಜವೇ ಆದರೂ ಅದಕ್ಕೊಂದು ತಳವಿದೆ: 1998ರಲ್ಲಿ ಕೆಡೋಗನ್ ಮತ್ತು ಮಾರಿಸ್ ನಡುವಿನ ಮೊಕದ್ದಮೆಯಲ್ಲಿ, ಬಹುದೊಡ್ಡ ಮೊತ್ತದ ಹಕ್ಕಿಗೆ ಬರೀ 100 ಪೌಂಡ್ ನಮೂದಿಸಿದ್ದ ನೋಟಿಸನ್ನು ಮೇಲ್ಮನವಿ ನ್ಯಾಯಾಲಯ ಅಸಿಂಧುವೆಂದು ಸಾರಿತು. ದಂಪತಿಯ ಮೌಲ್ಯಮಾಪಕರು 13,000 ಪೌಂಡ್ ಸೂಚಿಸಿದರು. ಅದರ ಶೇ. 10ರಷ್ಟು, ಅಂದರೆ 1,300 ಪೌಂಡ್ ಠೇವಣಿಯನ್ನು ಫ್ರೀಹೋಲ್ಡರ್ ಕೇಳಿ ಪಡೆಯಿತು.

ಪ್ರತಿ-ನೋಟಿಸ್ ಏಪ್ರಿಲ್ 9ರಂದು ಬಂತು. ಹಕ್ಕನ್ನು ಒಪ್ಪಿಕೊಂಡಿದ್ದ ಕಂಪನಿ ಪ್ರೀಮಿಯಂ ಮಾತ್ರ 31,000 ಪೌಂಡ್ ಎಂದಿತ್ತು.

ಲೆಕ್ಕ

1993ರ ಕಾಯ್ದೆಯ 13ನೇ ಷೆಡ್ಯೂಲ್ (ಅನುಬಂಧ) ಪ್ರಕಾರ ಪ್ರೀಮಿಯಂನಲ್ಲಿ ಮುಖ್ಯವಾಗಿ ಮೂರು ಪಾಲುಗಳಿವೆ. ಮೊದಲನೆಯದು ಫ್ರೀಹೋಲ್ಡರ್ ಕಳೆದುಕೊಳ್ಳುವ ಗ್ರೌಂಡ್ ರೆಂಟ್. ಎರಡನೆಯದು 2102ರಲ್ಲಿ ಅವನಿಗೆ ಮರಳಬೇಕಿದ್ದ ಮನೆ ಇನ್ನೂ 90 ವರ್ಷ ಮುಂದಕ್ಕೆ ಹೋಗುವುದರ ನಷ್ಟ. ಮೂರನೆಯದು ಮ್ಯಾರೇಜ್ ವ್ಯಾಲ್ಯೂ: ಗಿಡ್ಡ ಲೀಸ್ ಉದ್ದವಾದಾಗ ಇಬ್ಬರ ಹಕ್ಕುಗಳ ಒಟ್ಟು ಬೆಲೆ ಏರುತ್ತದಲ್ಲ, ಆ ಏರಿಕೆಯಲ್ಲಿ ಅರ್ಧವನ್ನು ಫ್ರೀಹೋಲ್ಡರ್‌ಗೆ ಕೊಡಬೇಕು. ಉಳಿದ ಅವಧಿ 80 ವರ್ಷಕ್ಕಿಂತ ಹೆಚ್ಚಿದ್ದರೆ ಈ ಮೂರನೆಯ ಪಾಲು ಇಲ್ಲ. 80 ವರ್ಷದ ಗೆರೆಯ ಬಗ್ಗೆ ಎಲ್ಲರೂ ಎಚ್ಚರಿಸುವುದು ಇದೇ ಕಾರಣಕ್ಕೆ. ಈ ಫ್ಲ್ಯಾಟ್ ಆ ಗೆರೆಯನ್ನು 2022ರ ಮಾರ್ಚ್‌ನಲ್ಲೇ ದಾಟಿತ್ತು.

ಎರಡನೆಯ ಪಾಲಿನಲ್ಲಿ ಜಗಳವಿಲ್ಲ. 2006ರ ಸ್ಪೋರ್ಟೆಲ್ಲಿ ತೀರ್ಪಿನಿಂದೀಚೆಗೆ ಫ್ಲ್ಯಾಟ್‌ಗಳಿಗೆ ಶೇ. 5ರ ದರವೇ ರೂಢಿಯಾಗಿದೆ. ಫ್ರೀಹೋಲ್ಡ್ ಮೌಲ್ಯ (ಲೀಸಿನ ಮಿತಿಯಿಲ್ಲದಿದ್ದರೆ ಫ್ಲ್ಯಾಟಿಗೆ ಬರುವ ಬೆಲೆ) 3,00,000 ಪೌಂಡ್ ಎಂದು ಇಬ್ಬರೂ ಒಪ್ಪಿದರು, 77.12 ವರ್ಷದ ನಂತರ ಕೈಸೇರುವ ಆ ಮೊತ್ತವನ್ನು ಈ ದರದಲ್ಲಿ ಇಂದಿನ ಮೌಲ್ಯಕ್ಕೆ ಇಳಿಸಿದರೆ 6,966 ಪೌಂಡ್. ಹೊಸ ಲೀಸ್ ಮುಗಿದ ಮೇಲೂ ಫ್ರೀಹೋಲ್ಡರ್‌ಗೆ ಏನೋ ಉಳಿಯುತ್ತದೆಂದು ಅದರಿಂದ ಕಳೆಯುವ ಮೊತ್ತ 86 ಪೌಂಡ್.

ಗ್ರೌಂಡ್ ರೆಂಟಿನ ದರದಲ್ಲಿ ಭಿನ್ನಾಭಿಪ್ರಾಯವಿತ್ತು. ಏರುತ್ತ ಹೋಗುವ ಬಾಡಿಗೆ ಹೂಡಿಕೆದಾರರಿಗೆ ಪ್ರಿಯವಾದ ಸರಕು, ಆದ್ದರಿಂದ ಶೇ. 5ರ ದರ ಸಾಕೆಂದು ಕಂಪನಿಯ ಮೌಲ್ಯಮಾಪಕರು ವಾದಿಸಿದರು. ಆಗ ಆ ಪಾಲು 12,399 ಪೌಂಡ್ ಆಗುತ್ತಿತ್ತು. ಇಂಥ ಬಾಡಿಗೆಗಳ ಮೇಲೆ ಸರ್ಕಾರದ ಕಣ್ಣು ಬಿದ್ದಿರುವಾಗ ಅಪಾಯ ಹೆಚ್ಚು, ಶೇ. 7 ಇರಬೇಕು ಎಂದು ದಂಪತಿಯ ಕಡೆಯವರು, ಆಗ 7,767. ಕೊನೆಗೆ ಶೇ. 6ಕ್ಕೆ ಬಂದು ನಿಂತಿತು, 9,641 ಪೌಂಡ್.

ಹೆಚ್ಚು ಹೊತ್ತು ಹಿಡಿದದ್ದು ಮ್ಯಾರೇಜ್ ವ್ಯಾಲ್ಯೂ. ಅದಕ್ಕೆ ಹಾಲಿ ಲೀಸಿನ ಬೆಲೆ ಬೇಕು, ಆದರೆ ಸಾಮಾನ್ಯ ಮಾರುಕಟ್ಟೆ ಬೆಲೆಯಲ್ಲ; ವಿಸ್ತರಣೆಯ ಹಕ್ಕೇ ಇಲ್ಲದ ಕಾಲ್ಪನಿಕ ಲೋಕದಲ್ಲಿ ಈ 77 ವರ್ಷದ ಲೀಸಿಗೆ ಎಷ್ಟು ಸಿಗುತ್ತಿತ್ತು ಎಂಬುದು. ಅಂಥ ಮಾರಾಟ ನಿಜದಲ್ಲಿ ನಡೆಯುವುದಿಲ್ಲ. ಆದ್ದರಿಂದ ಫ್ರೀಹೋಲ್ಡ್ ಬೆಲೆಯ ಶೇಕಡಾವಾರು ತೋರಿಸುವ ನಕ್ಷೆಗಳನ್ನು ನೆಚ್ಚಬೇಕಾಗುತ್ತದೆ. ಹೊಸ ಸಂಖ್ಯಾಶಾಸ್ತ್ರೀಯ ಮಾದರಿಯೊಂದರಿಂದ ಆ ನಕ್ಷೆಗಳನ್ನು ಕದಲಿಸುವ ಪ್ರಯತ್ನ ಮಂಡಿ ಎಂಬುವರ ಪ್ರಕರಣದಲ್ಲಿ ನಡೆದು 2018ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಸೋತಿತು. 2020ರ ಡೆರಿಟೆಂಡ್ ತೀರ್ಪಿನ ನಂತರ ಲಂಡನ್ನಿನ ದುಬಾರಿ ಪ್ರದೇಶಗಳ ಹೊರಗೂ ಸ್ಯಾವಿಲ್ಸ್ ಮತ್ತು ಜೆರಾಲ್ಡ್ ಈವ್ ಸಂಸ್ಥೆಗಳ ನಕ್ಷೆಗಳ ಸರಾಸರಿಯೇ ವಾದಗಳಿಗೆ ಮೊದಲ ಆಧಾರವಾಗಿದೆ. ನಡೆಯದ ಮಾರಾಟದ ಬೆಲೆಯನ್ನು ಇಬ್ಬರು ತಜ್ಞರು ದಶಾಂಶದವರೆಗೆ ವಾದಿಸುವುದು ವಿಚಿತ್ರವಾಗಿ ಕಂಡರೂ, ಇಲ್ಲಿ ಒಂದು ಶೇಕಡದ ವ್ಯತ್ಯಾಸವೆಂದರೆ 1,500 ಪೌಂಡ್. ಕಂಪನಿ ಶೇ. 88 ಎಂದಿತು, ದಂಪತಿಯ ಕಡೆ ಶೇ. 93 ಎಂದಿತು, ಶೇ. 91ಕ್ಕೆ ಒಪ್ಪಂದವಾಯಿತು. ಹಾಗಾದರೆ ಹಾಲಿ ಲೀಸ್ 2,73,000. ವಿಸ್ತರಿಸಿದ ಲೀಸ್ 2,97,000. ಫ್ರೀಹೋಲ್ಡರ್‌ನ ಹಕ್ಕನ್ನೂ ಎರಡೂ ಕಡೆ ಸೇರಿಸಿದರೆ ಏರಿಕೆ 7,479 ಪೌಂಡ್, ಅದರ ಅರ್ಧ 3,740.

ಮೂರನ್ನೂ ಕೂಡಿಸಿ 86 ಕಳೆದರೆ 20,261 ಪೌಂಡ್. ಎಲ್ಲರೂ ಹೆದರುವ 80 ವರ್ಷದ ಗೆರೆಯಿಂದ ಇಲ್ಲಿ ಬಂದ ಹೊರೆ 3,740 ಮಾತ್ರ. ಯಾರೂ ಅಷ್ಟಾಗಿ ಮಾತಾಡದ ಗ್ರೌಂಡ್ ರೆಂಟ್ ಸುಮಾರು ಅರ್ಧದಷ್ಟನ್ನು ನುಂಗಿದೆ. ಅಗ್ಗದ ಪ್ರಸ್ತಾಪದ ನಿಜವಾದ ಮೊತ್ತ 19,140 ಆಗಿತ್ತೆಂಬುದನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿದರೆ ವ್ಯತ್ಯಾಸ ಸಾವಿರ ಚಿಲ್ಲರೆ ಪೌಂಡ್. ಕಾನೂನು ವೆಚ್ಚವನ್ನು ಸೇರಿಸಿದರೆ ಅಂತರ ಹಿಗ್ಗುತ್ತದೆ ನಿಜ, ಆದರೆ ಮಾರಲು ಹೊರಟವರಿಗೆ ಸಾಲ ಸಿಗದ ಫ್ಲ್ಯಾಟಿಗಿಂತ ಸಾಲ ಸಿಗುವ ಫ್ಲ್ಯಾಟ್ ಆ ಅಂತರಕ್ಕೆ ಖಂಡಿತ ಯೋಗ್ಯವಾದದ್ದು. ಇನ್ನು ಪ್ರತಿ-ನೋಟಿಸಿನ 31,000ದ ವಿಷಯ: ಕಂಪನಿ ತನಗೆ ಅತ್ಯಂತ ಅನುಕೂಲವಾದ ಶೇ. 5 ಮತ್ತು ಶೇ. 88ನ್ನು ಹಾಕಿದರೂ ಬರುವುದು ಸುಮಾರು 26,140 ಪೌಂಡ್. ಅಂಥ ಅಂಕಿಯನ್ನು ಮಾತುಕತೆಯ ಆರಂಭವೆಂದು ಓದಬೇಕೇ ಹೊರತು ಮೌಲ್ಯಮಾಪನವೆಂದಲ್ಲ.

ಗಡುವು, ತೀರ್ಪು, ಒಪ್ಪಂದ

ಪ್ರತಿ-ನೋಟಿಸ್ ಬಂದ ಎರಡು ತಿಂಗಳ ನಂತರ, ಆರು ತಿಂಗಳು ಮುಗಿಯುವುದರೊಳಗೆ, ಒಪ್ಪಂದವಾಗದಿದ್ದರೆ ಟ್ರಿಬ್ಯೂನಲ್‌ಗೆ (ನ್ಯಾಯಮಂಡಳಿಗೆ) ಅರ್ಜಿ ಹಾಕಬೇಕು. ಹಾಕದಿದ್ದರೆ ನೋಟಿಸ್ ತಾನಾಗಿಯೇ ಹಿಂತೆಗೆದಂತೆ ಆಗುತ್ತದೆ, ಹೊಸದನ್ನು 12 ತಿಂಗಳು ಕೊಡುವಂತಿಲ್ಲ, ಆವರೆಗಿನ ಫ್ರೀಹೋಲ್ಡರ್ ವೆಚ್ಚವನ್ನೂ ಭರಿಸಬೇಕು. ಇಲ್ಲಿ ಕೊನೆಯ ದಿನ ಅಕ್ಟೋಬರ್ 8. ಮಾತುಕತೆ ಸೌಹಾರ್ದದಿಂದಲೇ ಸಾಗುತ್ತಿತ್ತು, ಕಂಪನಿಯ ಕಡೆಯವರು ಪ್ರತಿ ಪತ್ರಕ್ಕೂ ಮೂರು ವಾರ ತೆಗೆದುಕೊಳ್ಳುತ್ತಿದ್ದರು. ಸೌಹಾರ್ದ ಗಡುವನ್ನು ನಿಲ್ಲಿಸುವುದಿಲ್ಲ. ಸೆಪ್ಟೆಂಬರ್ ಕೊನೆಯ ವಾರ ಸಾಲಿಸಿಟರ್ ಫಸ್ಟ್-ಟಿಯರ್ ಟ್ರಿಬ್ಯೂನಲ್‌ನ ಪ್ರಾಪರ್ಟಿ ಚೇಂಬರ್‌ಗೆ ಅರ್ಜಿ ಹಾಕಿದರು, ಆಮೇಲೆ ಉತ್ತರಗಳು ಬೇಗ ಬರತೊಡಗಿದವು.

ಅದೇ ಅಕ್ಟೋಬರ್‌ನಲ್ಲಿ ಇನ್ನೊಂದು ಸುದ್ದಿ ಬಂತು. 2024ರ ಕಾಯ್ದೆಯಲ್ಲಿ ಇನ್ನೂ ಜಾರಿಯಾಗದ ಭಾಗವು ಮ್ಯಾರೇಜ್ ವ್ಯಾಲ್ಯೂವನ್ನು ತೆಗೆದುಹಾಕುತ್ತದೆ, ಲೆಕ್ಕಕ್ಕೆ ಹಿಡಿಯುವ ಗ್ರೌಂಡ್ ರೆಂಟನ್ನು ಫ್ರೀಹೋಲ್ಡ್ ಮೌಲ್ಯದ ಶೇ. 0.1ಕ್ಕೆ ಮಿತಿಗೊಳಿಸುತ್ತದೆ, ವಿಸ್ತರಣೆಯನ್ನು 990 ವರ್ಷಕ್ಕೆ ಏರಿಸುತ್ತದೆ, ಫ್ರೀಹೋಲ್ಡರ್ ವೆಚ್ಚವನ್ನು ಸಾಮಾನ್ಯವಾಗಿ ಅವನೇ ಹೊರುವಂತೆ ಮಾಡುತ್ತದೆ. ಇದು ತಮ್ಮ ಆಸ್ತಿ ಹಕ್ಕಿನ ಉಲ್ಲಂಘನೆಯೆಂದು ಫ್ರೀಹೋಲ್ಡರ್‌ಗಳ ಗುಂಪೊಂದು ಹೂಡಿದ್ದ ದಾವೆಯನ್ನು ಹೈಕೋರ್ಟ್ ತಳ್ಳಿಹಾಕಿತು. ಹಾಗಾದರೆ ನೋಟಿಸನ್ನು ಹಿಂತೆಗೆದುಕೊಂಡು ಕಾಯಬಾರದೇ ಎಂದು ಪತ್ನಿ ಕೇಳಿದರು. ಪ್ರಶ್ನೆ ಸಮಂಜಸವಾದದ್ದೇ. ಶೇ. 6 ಮತ್ತು ಶೇ. 5ರ ದರಗಳೇ ಉಳಿಯುತ್ತವೆಂದು ಊಹಿಸಿದರೆ ಹೊಸ ಕ್ರಮದಲ್ಲಿ ಪ್ರೀಮಿಯಂ 11,800 ಪೌಂಡ್ ಆಸುಪಾಸಿಗೆ ಇಳಿಯುತ್ತದೆ, ಅಂದರೆ 8,500ರಷ್ಟು ಉಳಿತಾಯ. ಆದರೆ ಆ ದರಗಳನ್ನು ಸರ್ಕಾರ ಅಧಿಸೂಚನೆಯಿಂದ ಗೊತ್ತುಪಡಿಸಬೇಕು, ಜಾರಿಯ ದಿನಾಂಕವನ್ನೂ ಅದೇ ಹೇಳಬೇಕು. 2026ರಲ್ಲಿ ಮಾರಬೇಕಾದವರು 76 ವರ್ಷದ ಲೀಸ್ ಮತ್ತು ಎರಡು ವರ್ಷದಲ್ಲಿ ದುಪ್ಪಟ್ಟಾಗುವ ಬಾಡಿಗೆಯನ್ನು ಹಿಡಿದು ಮಾರುಕಟ್ಟೆಗೆ ಹೋದರೆ, ಕೊಳ್ಳುವವರು 8,500ಕ್ಕಿಂತ ಹೆಚ್ಚೇ ಇಳಿಸಿ ಕೇಳುತ್ತಿದ್ದರು. ಮುಂದುವರಿದದ್ದು ಸರಿಯೆಂದೇ ಈ ಲೇಖಕನ ಅಭಿಪ್ರಾಯ.

20,250 ಪೌಂಡ್‌ಗೆ ಒಪ್ಪಂದವಾಯಿತು. ಫ್ರೀಹೋಲ್ಡರ್ ತನ್ನ ಸಾಲಿಸಿಟರ್ ಮತ್ತು ಮೌಲ್ಯಮಾಪಕರ ಬಾಬ್ತು 3,300 ಕೇಳಿತ್ತು. ಲೀಸ್‌ಹೋಲ್ಡರ್ ಕೊಡಬೇಕಾದದ್ದು ನ್ಯಾಯಯುತ ವೆಚ್ಚವನ್ನು ಮಾತ್ರ, ಮಾತುಕತೆಯ ಅಥವಾ ಟ್ರಿಬ್ಯೂನಲ್‌ನ ಖರ್ಚನ್ನಲ್ಲ ಎಂದು ತೋರಿಸಿದ ಮೇಲೆ 2,600ಕ್ಕೆ ಇಳಿಯಿತು. ದಂಪತಿಯ ಸ್ವಂತ ವೆಚ್ಚ 2,700. ಒಟ್ಟು 25,550 ಪೌಂಡ್. ಕೊಂಡ ಬೆಲೆಗೆ ಇದನ್ನು ಸೇರಿಸಿದರೆ 2,93,550. ವಿಸ್ತರಿಸಿದ ಫ್ಲ್ಯಾಟಿನ ಮೌಲ್ಯ 2,97,000. ಉಳಿದ ಲಾಭ ಮಾರಾಟದ ಏಜೆಂಟ್ ಶುಲ್ಕಕ್ಕೆ ಸರಿಹೋಗುವಷ್ಟು. ಕೊಳ್ಳುವಾಗ ಬೆಲೆ ಇಳಿಸಿಕೊಂಡದ್ದು ದೊಡ್ಡ ಗಳಿಕೆಯೆಂದು ಅವರು ಭಾವಿಸಿದ್ದರು. ಅದು ಹೆಚ್ಚುಕಡಿಮೆ ಪೂರ್ತಿಯಾಗಿ ವಿಸ್ತರಣೆಗೇ ಹೋಯಿತು. ಹೊಸ ಲೀಸ್ ಡಿಸೆಂಬರ್‌ನಲ್ಲಿ ಸಹಿಯಾಗಿ ಲ್ಯಾಂಡ್ ರಿಜಿಸ್ಟ್ರಿಗೆ ಹೋಯಿತು. 1993ರ ಕಾಯ್ದೆಯ ಬಲದಿಂದಲೇ ಗೃಹಸಾಲ ಹೊಸ ಲೀಸಿನ ಮೇಲೆ ಮುಂದುವರಿಯುತ್ತದೆ.

ಇದೇ ಕಟ್ಟಡದ ಮೇಲಂತಸ್ತಿನಲ್ಲಿ ಇಂಥದೇ ಲೀಸ್ ಇರುವ ಇನ್ನೊಂದು ಕುಟುಂಬ ಕಾಯಲು ತೀರ್ಮಾನಿಸಿದೆ, ಅವರ ಲೆಕ್ಕವೂ ತಪ್ಪಲ್ಲ. ಅವರಿಗೆ ಮಾರುವ ಯೋಚನೆಯಿಲ್ಲ, ಗೃಹಸಾಲ ಬಹುಪಾಲು ತೀರಿದೆ. 2028ರ ಮಾರ್ಚ್‌ವರೆಗೆ ಹೊಸ ಕ್ರಮ ಬಾರದಿದ್ದರೆ ಹಳೆಯ ಕ್ರಮದಲ್ಲಿ ಅವರ ಪ್ರೀಮಿಯಂ ಸುಮಾರು 23,600 ಪೌಂಡ್‌ಗೆ ಏರುತ್ತದೆ; ಬಂದರೆ, ಅದೇ ದರಗಳ ಊಹೆಯಲ್ಲಿ, 13,000ದಷ್ಟು. ಕಾಯುವುದರ ನಷ್ಟ ಹೆಚ್ಚೆಂದರೆ 3,400, ಲಾಭ 7,200. ಆ ಹೊತ್ತಿಗೆ ಪ್ರೀಮಿಯಂನ ಪಾಲುಗಳು ಮತ್ತಷ್ಟು ಭಾರವಾಗುವುದರಿಂದ, 2027ರ ಚಳಿಗಾಲದಲ್ಲಿ, ಬಾಡಿಗೆ 500ಕ್ಕೆ ಏರುವ ಮುನ್ನ, ಮತ್ತೊಮ್ಮೆ ಮೌಲ್ಯಮಾಪಕರನ್ನು ಕಾಣುವುದಾಗಿ ಅವರು ಗೊತ್ತುಮಾಡಿಕೊಂಡಿದ್ದಾರೆ.